ಹೋಲಿಕೆಯ ಚಟಕ್ಕೆ ನಾನು ಇಟ್ಟುಕೊಂಡ ಕ್ರಮ

ಸಿಂಧನೂರು ಕಡೆಯ ಕ್ರೈಸ್ತ ಸಭೆಗಳಲ್ಲಿ ಹೋಲಿಕೆ ಬಹಳ ಸಲ ಶುರುವಾಗುವುದು ಸಾಕ್ಷಿ ಹೇಳುವ, ಅಂದರೆ ದೇವರು ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳಿಕೊಳ್ಳುವ, ಹೊತ್ತಿನಲ್ಲೇ. ಒಬ್ಬರು ಹೊಸ ಮನೆಗಾಗಿ ಸ್ತೋತ್ರ ಹೇಳುತ್ತಾರೆ. ಬಾಡಿಗೆ ಮನೆಯವರಿಗೆ ‘ನನ್ನ ಪ್ರಾರ್ಥನೆಯಲ್ಲಿ ಏನು ಕಡಿಮೆಯಾಯಿತು?’ ಅನ್ನಿಸುತ್ತದೆ. ಹೊಟ್ಟೆಕಿಚ್ಚಿಗಿಂತ ಈ ಪ್ರಶ್ನೆ ಕೆಟ್ಟದ್ದು. ದೇವರ ಪ್ರೀತಿಯನ್ನೇ ಪಕ್ಕದ ಮನೆಯ ಲೆಕ್ಕದಲ್ಲಿ ಅಳೆಯುತ್ತದೆ.

ನಾನು ಮಾಡುವುದು ಇಷ್ಟು. ರಾತ್ರಿ ಪ್ರಾರ್ಥನೆಗೆ ಮುಂಚೆ ನೋಟ್‌ಬುಕ್ಕಿನಲ್ಲಿ ಮೂರು ಸಾಲು: ಯಾರನ್ನು ನೋಡಿ ಮನಸ್ಸು ಕುಗ್ಗಿತು, ಅವರಲ್ಲಿ ಏನು ಕಂಡಿತು, ಇವತ್ತು ನನ್ನ ಪಾಲಿನ ಕೆಲಸ ಯಾವುದಿತ್ತು. ಎರಡನೆಯದನ್ನು ಬಿಡಿಸಿ ಬರೆಯಬೇಕು. ‘ಅವರು ಚೆನ್ನಾಗಿದ್ದಾರೆ’ ಅಂದರೆ ಸಾಲದು. ‘ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು’ ಅಂತ ಬರೆದರೆ ನೋವು ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ಆಮೇಲೆ ಅದೇ ವ್ಯಕ್ತಿಯ ಹೆಸರೆತ್ತಿ ಅದೇ ಸಂಗತಿಗಾಗಿ ಸ್ತೋತ್ರ. ಬಾಯಿ ಬಾರದ ದಿನ ಒಂದೇ ವಾಕ್ಯ ಸಾಕು. ಮೂರನೇ ಸಾಲಿಗೆ ಬೈಬಲಿನ ಗಲಾತ್ಯ 6:4 ಆಧಾರ: ಪ್ರತಿಯೊಬ್ಬನೂ ತನ್ನ ಕೆಲಸವನ್ನು ತಾನೇ ಪರೀಕ್ಷಿಸಿಕೊಳ್ಳಲಿ ಅನ್ನುತ್ತಾನೆ ಪೌಲ.

ಇದು ಕೆಡುವುದು ‘ನಮಗಿಂತ ಕಷ್ಟದಲ್ಲಿರುವವರನ್ನು ನೋಡಿ ಸಮಾಧಾನ ಮಾಡಿಕೊ’ ಅನ್ನುವ ಮಾತಿನಿಂದ. ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಲೂಕ 18ರಲ್ಲಿ ಯೇಸು ಹೇಳಿದ ಕಥೆಯ ಫರಿಸಾಯನ, ಅಂದರೆ ಧರ್ಮನಿಷ್ಠನೆಂದು ಬೀಗುವ ಯೆಹೂದ್ಯನ, ಪ್ರಾರ್ಥನೆಯೂ ಸ್ತೋತ್ರದಿಂದಲೇ ಶುರುವಾಗುತ್ತದೆ, ಪಾಪಿಯೆನಿಸಿಕೊಂಡ ಈ ಸುಂಕ ವಸೂಲಿಯವನಂತೆ ನಾನಿಲ್ಲವಲ್ಲ ಎಂದು. ಮೇಲೆ ನೋಡಿ ಕುಗ್ಗುವವನೂ ಕೆಳಗೆ ನೋಡಿ ಹಿಗ್ಗುವವನೂ ಹಿಡಿದಿರುವುದು ಒಂದೇ ಅಳತೆಗೋಲು. ಹಾಗಾಗಿ ಸ್ತೋತ್ರದ ಸಾಲಿನಲ್ಲಿ ‘ಅವರಿಗಿಂತ’ ಎಂಬ ಮಾತು ನುಸುಳಿದರೆ ಹೊಡೆದುಹಾಕಿ ಮತ್ತೆ ಬರೆಯುತ್ತೇನೆ.

ಸಂಡೇ ಸ್ಕೂಲಿನಲ್ಲಿ ಮತ್ತಾಯ 25ರ ಕಥೆ, ಯಜಮಾನ ಆಳುಗಳಿಗೆ ತಲಾಂತು ಎಂಬ ದೊಡ್ಡ ಮೊತ್ತದ ಹಣ ಒಪ್ಪಿಸಿ ಹೋದ ಕಥೆ, ಹೇಳುವಾಗ ನಾವೆಲ್ಲ ತಲಾಂತು ಹೂತಿಟ್ಟವನ ಮೇಲೇ ನಿಲ್ಲುತ್ತೇವೆ. 21 ಮತ್ತು 23ನೇ ವಚನಗಳನ್ನು ಒಟ್ಟಿಗೆ ಓದಿಸಿ. ಐದು ಗಳಿಸಿದವನಿಗೂ ಎರಡು ಗಳಿಸಿದವನಿಗೂ ಯಜಮಾನ ಆಡಿದ್ದು ಅದೇ ಮೆಚ್ಚುಗೆಯ ಮಾತು.

ಎಲ್ಲ ಹೋಲಿಕೆಯೂ ಪಾಪವಲ್ಲ. ಹಾಗಂದುಬಿಟ್ಟರೆ ಅನ್ಯಾಯ ಸಹಿಸುವುದೇ ಭಕ್ತಿಯಾಗಿಬಿಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತ, ಮೇಲಿನವರಿಗೆ ಬಂದ ನೀರು ನನಗೇಕಿಲ್ಲ ಎಂದು ಕೇಳಿದರೆ ಅದು ನ್ಯಾಯ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಒಂದೇ ಹೊಲಿಗೆಗೆ ಎರಡು ಪೀಸ್ ರೇಟ್ ಇದ್ದರೆ ಕೇಳಲೇಬೇಕು. ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ ಅನ್ನುತ್ತದೆ ಯಾಕೋಬನ ಪತ್ರಿಕೆ 5:4. ಪಕ್ಕದವರ ಭತ್ತ ಚೆನ್ನಾಗಿ ಬಂದರೆ ತಳಿ, ಗೊಬ್ಬರ ವಿಚಾರಿಸುವುದೂ ಕಲಿಕೆಯೇ. ನಾನು ಕೇಳಿಕೊಳ್ಳುವುದು ಒಂದೇ: ನನ್ನ ಪಾಲು ನನಗೆ ಸಿಕ್ಕ ಮೇಲೂ ಅವರ ಗದ್ದೆ ಹಸಿರಾಗಿರುವುದು ಚುಚ್ಚುತ್ತಿದೆಯೇ? ಹೌದಾದರೆ ಆ ರಾತ್ರಿ ಮೊದಲ ಸಾಲಿನಲ್ಲಿ ಅವರ ಹೆಸರು.