ಕೇರಂ ಬೋರ್ಡಿನ ಮೇಲೆ ನ್ಯೂಟನ್ನನ ಚಲನೆಯ ನಿಯಮಗಳನ್ನು ಪರೀಕ್ಷಿಸುವ ಕ್ರಮ

ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ಚಲನೆಯ ಮೂರು ನಿಯಮಗಳನ್ನು ಮಾಧ್ಯಮಿಕ ತರಗತಿಯ ಮಕ್ಕಳು ಬಾಯಿಪಾಠ ಮಾಡುವ ಮೊದಲು ಕೈಯಾರೆ ಮಾಡಿ ನೋಡಬೇಕು. ಅದಕ್ಕೆ ಒಂದು ಕೇರಂ ಬೋರ್ಡ್, ಕಾಯಿಗಳು, ಒಂದೇ ತೂಕದ ಎರಡು ಸ್ಟ್ರೈಕರ್, ಪೌಡರ್ ಮತ್ತು ಒಂದು ರಬ್ಬರ್ ಬ್ಯಾಂಡ್ ಸಾಕು.

ಎಡಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಬೋರ್ಡಿನ ಮೇಲೆ ಅಲುಗಾಡದಂತೆ ಊರಿ, ಅವುಗಳ ನಡುವೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ. ಪೌಡರ್ ಹಾಕದ ಬೋರ್ಡಿನ ಮೇಲೆ ಸ್ಟ್ರೈಕರನ್ನು ಬ್ಯಾಂಡಿಗೆ ಒತ್ತಿ, 2 ಸೆಂಟಿಮೀಟರಿನಷ್ಟು ಹಿಂದಕ್ಕೆಳೆದು ಬಿಡಿ. ಅದು ನಿಂತ ಜಾಗವನ್ನು ಗುರುತು ಹಾಕಿಕೊಂಡು, ಪೌಡರ್ ಉದುರಿಸಿ, ಅಷ್ಟೇ ದೂರ ಎಳೆದು ಮತ್ತೆ ಬಿಡಿ. ಎರಡನೆಯ ಸಲ ಸ್ಟ್ರೈಕರ್ ಹೆಚ್ಚು ದೂರ ಜಾರುತ್ತದೆ. ಬ್ಯಾಂಡಿನ ತಳ್ಳು ಬದಲಾಗಿಲ್ಲ, ಘರ್ಷಣೆ ಮಾತ್ರ ಕಡಿಮೆಯಾಗಿದೆ. ಆದ್ದರಿಂದ ಸ್ಟ್ರೈಕರ್ ನಿಲ್ಲುವುದಕ್ಕೆ ಕಾರಣ ತಳ್ಳಿದ ಬಲ ಮುಗಿದುಹೋದದ್ದಲ್ಲ, ಎದುರಾಗಿ ಘರ್ಷಣೆಯ ಬಲ ಇರುವುದು. ಘರ್ಷಣೆ ಪೂರ್ತಿ ಇಲ್ಲವಾದರೆ ಅದು ಒಂದೇ ವೇಗದಲ್ಲಿ, ಸರಳ ರೇಖೆಯಲ್ಲಿ ಸಾಗುತ್ತಲೇ ಇರುತ್ತದೆ ಎಂಬುದೇ ಮೊದಲನೆಯ ನಿಯಮ. ಇಳಿಜಾರಿನ ಮೇಲೆ ಗುಂಡುಗಳನ್ನು ಉರುಳಿಸಿ ನೋಡಿದ ಗೆಲಿಲಿಯೋ ನ್ಯೂಟನ್ನನಿಗಿಂತ ಮೊದಲೇ ಈ ವಿಚಾರದ ಹತ್ತಿರ ಬಂದಿದ್ದ.

ಎರಡನೆಯ ನಿಯಮಕ್ಕೆ ಅದೇ ಬ್ಯಾಂಡನ್ನು ಅಷ್ಟೇ ಎಳೆದು, ಒಮ್ಮೆ ಸ್ಟ್ರೈಕರನ್ನೂ ಒಮ್ಮೆ ಕಾಯಿಯನ್ನೂ ಬಿಟ್ಟು ನೋಡಿ. ಹಗುರವಾದ ಕಾಯಿ ಹೆಚ್ಚು ವೇಗದಿಂದ ಚಿಮ್ಮುತ್ತದೆ. ವಸ್ತುವಿನ ಮೇಲಿನ ಒಟ್ಟು ಬಲವನ್ನು ಅದರ ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಸಿಗುತ್ತದೆ. ಲೆಕ್ಕ ಮಾಡುವಾಗ ‘ಒಟ್ಟು’ ಎಂಬ ಮಾತನ್ನು ಮರೆಯಬಾರದು: 2 ಕಿಲೋಗ್ರಾಂ ಪೆಟ್ಟಿಗೆಯನ್ನು 10 ನ್ಯೂಟನ್ ಬಲದಿಂದ ತಳ್ಳುವಾಗ ಘರ್ಷಣೆ 4 ನ್ಯೂಟನ್ ಇದ್ದರೆ, ಭಾಗಿಸಬೇಕಾದದ್ದು 10ರಲ್ಲಿ 4 ಕಳೆದು ಉಳಿದ 6ನ್ನು, ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 3 ಮೀಟರ್.

ಒಂದು ವಸ್ತು ಇನ್ನೊಂದರ ಮೇಲೆ ಬಲ ಹಾಕಿದರೆ, ಆ ಇನ್ನೊಂದೂ ಅಷ್ಟೇ ಬಲವನ್ನು ವಿರುದ್ಧ ದಿಕ್ಕಿನಲ್ಲಿ ಮೊದಲನೆಯದರ ಮೇಲೆ ಹಾಕುತ್ತದೆ ಎಂಬುದು ಮೂರನೆಯ ನಿಯಮ. ಮಕ್ಕಳು ಹೆಚ್ಚು ಎಡವುವುದು ಇದರಲ್ಲಿ, ಆದ್ದರಿಂದ ಇಲ್ಲಿ ಸಾವಧಾನ ಬೇಕು. ಒಂದು ಸ್ಟ್ರೈಕರನ್ನು ನಿಲ್ಲಿಸಿ ಇನ್ನೊಂದರಿಂದ ನೇರವಾಗಿ ಹೊಡೆದರೆ, ಹೊಡೆದದ್ದು ಬಹುಮಟ್ಟಿಗೆ ಅಲ್ಲೇ ನಿಂತು, ಪೆಟ್ಟು ತಿಂದದ್ದು ಮುಂದೆ ಹೋಗುತ್ತದೆ. ಎರಡರ ಮೇಲೂ ಸಮನಾದ, ವಿರುದ್ಧ ದಿಕ್ಕಿನ ಬಲ ಬಿದ್ದಿರುವುದರಿಂದ, ಒಂದು ಕಳೆದುಕೊಂಡ ವೇಗವನ್ನು ಇನ್ನೊಂದು ಪಡೆಯುತ್ತದೆ. ನಿಂತ ಸ್ಟ್ರೈಕರಿನ ಜಾಗದಲ್ಲಿ ಕಾಯಿ ಇಟ್ಟು ಹೊಡೆದಾಗ ಕಾಯಿ ದೂರ ಹಾರಿ, ಸ್ಟ್ರೈಕರ್ ನಿಧಾನವಾಗಿ ಮುಂದುವರಿಯುತ್ತದೆ. ಇದನ್ನು ಕಂಡು ಸ್ಟ್ರೈಕರೇ ಹೆಚ್ಚು ಬಲ ಹಾಕಿತು ಎನ್ನುವುದು ತಪ್ಪು. ಬಲಗಳು ಈಗಲೂ ಸಮ, ದ್ರವ್ಯರಾಶಿಗಳು ಬೇರೆ.

ಸಮನಾದ ಬಲಗಳು ಒಂದನ್ನೊಂದು ಏಕೆ ರದ್ದು ಮಾಡುವುದಿಲ್ಲ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಮತ್ತು ಅದು ಬಹಳ ಒಳ್ಳೆಯ ಪ್ರಶ್ನೆ. ಅವು ಬೇರೆ ಬೇರೆ ವಸ್ತುಗಳ ಮೇಲೆ ಬೀಳುತ್ತವೆ. ರದ್ದಾಗಬೇಕಾದರೆ ಎರಡೂ ಒಂದೇ ವಸ್ತುವಿನ ಮೇಲಿರಬೇಕು. ಇಂಥ ಎರಡು ಬಲಗಳ ಜೋಡಿಯನ್ನು ಗುರುತಿಸಲು ಒಂದು ಬಲವನ್ನು ಪೂರ್ತಿ ವಾಕ್ಯದಲ್ಲಿ ಬರೆಯಿಸಿ, ವಸ್ತುಗಳ ಹೆಸರನ್ನು ಅದಲುಬದಲು ಮಾಡಿಸಿ. ‘ಭೂಮಿ ಪುಸ್ತಕವನ್ನು ಕೆಳಕ್ಕೆ ಸೆಳೆಯುತ್ತದೆ’ ಎಂಬುದರ ಜೋಡಿ ‘ಪುಸ್ತಕ ಭೂಮಿಯನ್ನು ಮೇಲಕ್ಕೆ ಸೆಳೆಯುತ್ತದೆ’ ಎಂಬುದೇ ಹೊರತು, ಮೇಜು ಪುಸ್ತಕವನ್ನು ಮೇಲಕ್ಕೆ ಒತ್ತುವುದಲ್ಲ.