ಕೆಸುವಿನ ತಳಿ ಹೋಲಿಸುತ್ತೀರಾ? ಯಾವ ಎಲೆ ಅಳೆಯಬೇಕೆಂದು ಮೊದಲೇ ತೀರ್ಮಾನಿಸಿ

ಹತ್ತಾರು ಬಗೆಯ ಕೆಸು ಕೂಡಿಹಾಕಿ, ತಿಂಗಳುಗಟ್ಟಲೆ ಬೆಳೆಸಿ, ಕೊನೆಗೆ ಅಳತೆಯಲ್ಲಿ ಎಡವಿದವರನ್ನು ತುಂಬ ನೋಡಿದ್ದೇನೆ. ಒಂದು ತಳಿಯಲ್ಲಿ ಎಳೆ ಎಲೆ, ಇನ್ನೊಂದರಲ್ಲಿ ಬಲಿತ ಎಲೆ ಅಳೆದಿರುತ್ತಾರೆ. ಆಮೇಲೆ ಪಟ್ಟಿಯಲ್ಲಿ ಕಾಣುವ ವ್ಯತ್ಯಾಸ ತಳಿಯದ್ದಲ್ಲ, ಎಲೆಯ ವಯಸ್ಸಿನದ್ದು. ಅಷ್ಟು ದಿನದ ದುಡಿಮೆ ಹೀಗೆ ಹಾಳಾಗಬಾರದು.

ಮೊದಲು, ಕೈಲಿರುವುದು ಕೆಸುವೇ ಹೌದಾ ನೋಡಿಕೊಳ್ಳಿ. ಕೆಸುವಿನ ದಂಟು ಎಲೆಯ ಸೀಳಿನ ತುದಿಗೆ ಸೇರುವುದಿಲ್ಲ. ಸ್ವಲ್ಪ ಒಳಗೆ, ಎಲೆಯ ಬೆನ್ನಿಗೆ ಸೇರಿರುತ್ತದೆ. ಸೀಳಿನ ತುದಿಗೇ ಸೇರಿದ್ದರೆ ಅದು ಕ್ಸಾಂಥೋಸೋಮಾದಂಥ ಬೇರೆ ಗಿಡ. ಪಟ್ಟಿಯಿಂದ ತೆಗೆದುಬಿಡಿ.

ನೆಡುವುದು ಸುಲಭ: ಒಂದೇ ದಿನ, ಸಮ ತೂಕದ ಬಿತ್ತನೆ ಗೆಡ್ಡೆ, ಪ್ರತಿ ತಳಿಗೆ ಬೇರೆ ಬೇರೆ ಕಡೆ ಮೂರು ಮಡಿ (ಪಾತಿ), ಯಾವ ಮಡಿ ಯಾವ ತಳಿಗೆಂದು ಹಂಚಲು ಚೀಟಿ ಎತ್ತಿ.

ಕಷ್ಟ ಇರುವುದು ಎಲೆಯಲ್ಲಿ. ಗಿಡ ಪೂರ್ತಿ ಬೆಳೆದು ನಿಂತಾಗ, ಸುಮಾರು ನಾಲ್ಕೈದು ತಿಂಗಳಿಗೆ, ಅಳತೆ ಶುರು ಮಾಡಿ. ತಡವಾದರೆ ಗೆಡ್ಡೆ ದಪ್ಪವಾಗುತ್ತದೆ, ಹೊಸ ಎಲೆ ಸಣ್ಣದಾಗುತ್ತಾ ಹೋಗುತ್ತದೆ. ಅಂಚಿನ ಸಾಲು ಬೇಡ. ಅಲ್ಲಿನ ಗಿಡಕ್ಕೆ ಬೆಳಕೂ ಜಾಗವೂ ಜಾಸ್ತಿ. ಒಳಸಾಲಿನ ಐದು ಗಿಡ ಗುರುತು ಮಾಡಿ. ಸುರುಳಿ ಬಿಚ್ಚುತ್ತಿರುವ ಎಲೆ ಬಿಟ್ಟು, ಅದರ ಹಿಂದಿನ, ಪೂರ್ತಿ ಅರಳಿದ ಎಲೆಯನ್ನೇ ಎಲ್ಲ ಗಿಡದಲ್ಲೂ ಹಿಡಿಯಿರಿ. ಉದ್ದವನ್ನು ಒಬ್ಬರು ದಂಟು ಸೇರುವ ಜಾಗದಿಂದ ಅಳೆಯುತ್ತಾರೆ, ಇನ್ನೊಬ್ಬರು ಎಲೆಯ ಕಿವಿಯಿಂದ, ಅಂದರೆ ಸೀಳಿನ ಆಚೀಚೆ ಇರುವ ಹಾಲೆಯ ತುದಿಯಿಂದ. ಯಾವುದಾದರೂ ಸರಿ, ಆದರೆ ಒಂದೇ ಇರಲಿ. ಅದನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ಬಣ್ಣ ಇನ್ನೂ ಸೂಕ್ಷ್ಮ. ದಂಟಿನ ಮೇಲ್ಭಾಗ ಹಸಿರಾಗಿದ್ದು ಬುಡ ನೇರಳೆ ಇರಬಹುದು. ಹಾಗಾಗಿ ಮೇಲೆ, ನಡುವೆ, ಬುಡ ಮೂರನ್ನೂ ಬೇರೆ ಬೇರೆ ಬರೆಯಿರಿ. ದಂಟು ಸೇರುವ ಕಡೆ ಎಲೆಯ ಮೇಲೆ ಕಾಣುವ ಚುಕ್ಕೆಯನ್ನೂ ಬಿಡಬೇಡಿ. ಎಲ್ಲ ತಳಿಗಳ ಬಣ್ಣವನ್ನೂ ಒಬ್ಬರೇ, ಒಂದೇ ಹೊತ್ತಿನಲ್ಲಿ, ನೆರಳಲ್ಲಿ ನೋಡಬೇಕು. ಫೋಟೊ ತೆಗೆದು ಆಮೇಲೆ ನೋಡೋಣ ಅನ್ನುವ ಅಡ್ಡದಾರಿ ಬೇಡವೇ ಬೇಡ, ಮೊಬೈಲ್ ಬಣ್ಣವನ್ನು ತಾನೇ ತಿದ್ದಿಬಿಡುತ್ತದೆ. ಬಣ್ಣ ಹೋಲಿಸಲೆಂದು ಮನೆಯ ಪ್ರಿಂಟರಿನಲ್ಲಿ ತೆಗೆದ ಬಣ್ಣದ ಹಾಳೆಯೂ ಅಷ್ಟೇ, ಬಿಸಿಲಿಗೆ ಮಾಸುತ್ತದೆ. ಏನೇನು ನೋಡಬೇಕೆಂಬ ಗೊಂದಲವಿದ್ದರೆ ಅಂತರರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆ 1999ರಲ್ಲಿ ಕೆಸುವಿಗೆಂದೇ ಹೊರತಂದ ಲಕ್ಷಣಗಳ ಪಟ್ಟಿ ಇದೆ. ಸುಮ್ನೆ ಹೊಸ ಪಟ್ಟಿ ಮಾಡಿಕೊಳ್ಳಬೇಡಿ.

ಗೆಡ್ಡೆ ಕೀಳುವಾಗ ಕೈಗವಸು ಇರಲಿ, ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ ತುರಿಕೆ ಬರುತ್ತದೆ. ತಾಯಿ ಗೆಡ್ಡೆ, ಮರಿ ಗೆಡ್ಡೆ ಬೇರೆ ಬೇರೆ ತೂಗಿ. ಕೆಲವು ತಳಿಯಲ್ಲಿ ಒಂದೇ ದೊಡ್ಡ ತಾಯಿ ಗೆಡ್ಡೆ, ಕೆಲವದರಲ್ಲಿ ಮರಿಗಳೇ ಬೆಳೆ. ತಾಯಿಯ ತೂಕ ಮಾತ್ರ ನೋಡಿದರೆ ಎರಡನೆಯದಕ್ಕೆ ಅನ್ಯಾಯ, ಅಲ್ವಾ? ತಿರುಳಿನ ಬಣ್ಣವನ್ನು ಕೊಯ್ದ ಕೂಡಲೇ ಬರೆದುಕೊಳ್ಳಿ.

ಲೆಕ್ಕ ಹಾಕುವಾಗ ತೂಕವನ್ನೂ ಬಣ್ಣವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ತೂಕ ಮಣ್ಣು, ನೀರಿಗೆ ತಕ್ಕಂತೆ ಬದಲಾಗುತ್ತದೆ. ದಂಟಿನ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ, ಹಾಗಾಗಿ ತಳಿ ಗುರುತಿಸಲು ಅದೇ ಗಟ್ಟಿ.

ಹೆಚ್ಚು ತೂಗಿದ ಒಂದನ್ನೇ ಇಟ್ಟುಕೊಂಡು ಉಳಿದದ್ದನ್ನು ಎಸೆಯಲೂ ಬೇಡಿ. ಪೆಸಿಫಿಕ್ ಸಾಗರದ ದ್ವೀಪ ದೇಶ ಸಮೋವಾದಲ್ಲಿ ಬಹುಪಾಲು ರೈತರು ಒಂದೇ ತಳಿ ನಂಬಿದ್ದರು. 1993ರಲ್ಲಿ ಎಲೆ ಸುಡುವ ಅಂಗಮಾರಿ ರೋಗ ಬಂದು ಬೆಳೆಯೇ ಕುಸಿಯಿತು. ಎಲೆ ಅಷ್ಟಾಗಿ ಸುಡದ ತಳಿ ಕಂಡರೆ, ಗೆಡ್ಡೆ ಸಣ್ಣದಾದರೂ ಉಳಿಸಿಕೊಳ್ಳಿ. ಅದು ಹೂ ಬಿಟ್ಟರೆ ದಿನಾಂಕ ಬರೆದಿಡಿ. ಕೆಸುವಿನ ಎಷ್ಟೋ ತಳಿಗಳು ಹೂ ಬಿಡುವುದೇ ಅಪರೂಪ, ಹೂ ಇಲ್ಲದೆ ಅಡ್ಡತಳಿ ಮಾಡಲು ಆಗುವುದಿಲ್ಲ.