ಎಲ್‌ಪಿ ಧ್ವನಿ ಚುಚ್ಚುತ್ತಿದೆಯೇ? ಕಾರ್ಟ್ರಿಜ್ ಬದಲಿಸುವ ಮೊದಲು ಕೇಬಲ್ ಲೆಕ್ಕ ಹಾಕಿ

ಸುಳೇಭಾವಿಯ ಕುಮಾರ ಗಂಧರ್ವರ ಎಲ್‌ಪಿ ಹಾಕಿದ್ದೀರಿ. ಧ್ವನಿ ಬರುತ್ತಿದೆ, ಆದರೆ 'ಸ', 'ಶ' ಬಂದಾಗಲೆಲ್ಲ ಕಿವಿಗೆ ಚುಚ್ಚುತ್ತದೆ, ಅದೇ ಹೊತ್ತಿಗೆ ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ, ಎಲ್ಲೋ ಮಸುಕಾಗಿದೆ. ಬೆಳಗಾವಿಯಲ್ಲಿ ಯಾರನ್ನಾದರೂ ಕೇಳಿ ನೋಡಿ, 'ಕಾರ್ಟ್ರಿಜ್ ಬದಲ್ ಮಾಡ್ರಿ' ಅಂತಲೇ ಹೇಳುತ್ತಾರೆ. ಸ್ವಲ್ಪ ತಡೆಯಿರಿ. ಎಷ್ಟೋ ಸಲ ತೊಂದರೆ ಇರುವುದು ಸೂಜಿ ಹೊತ್ತ ಆ ಪುಟ್ಟ ಕಾರ್ಟ್ರಿಜ್‌ನಲ್ಲಲ್ಲ, ಅದರ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಪ್ರಿಆಂಪ್‌ಗೆ ಹೋಗುವ ಕೇಬಲ್‌ನಲ್ಲಿ.

ಮೊದಲು ಸೂಜಿ ನೋಡಿ. ನಮ್ಮ ಕಡೆಯ ಧೂಳು, ಅದರಲ್ಲೂ ವಿಜಯಪುರದ ಬೇಸಿಗೆಯ ಧೂಳು, ಸೂಜಿಗೆ ಅಂಟಿಕೊಂಡರೂ ಇದೇ ರೀತಿ ಕೇಳಿಸುತ್ತದೆ. ಮೆತ್ತನೆಯ ಬ್ರಶ್‌ನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಿ. ಮಳೆಗಾಲದಲ್ಲಿ ಕೇಬಲ್ ತುದಿಯ ಆರ್‌ಸಿಎ ಪಿನ್ ಕಪ್ಪಾಗಿದ್ದರೆ ಅದನ್ನೂ ಉಜ್ಜಿ. ಟರ್ನ್‌ಟೇಬಲ್ ಒಳಗೇ ಪ್ರಿಆಂಪ್ ಇದ್ದು, ಹಿಂದೆ 'ಫೋನೋ–ಲೈನ್' ಸ್ವಿಚ್ ಇದ್ದರೆ, ಹೊರಗಿನ ಪ್ರಿಆಂಪ್ ಬಳಸುವಾಗ ಅದು 'ಫೋನೋ' ಕಡೆಗೇ ಇರಬೇಕು. ಇಲ್ಲದಿದ್ದರೆ ಎರಡು ಪ್ರಿಆಂಪ್ ಒಂದರ ಹಿಂದೊಂದು ಸೇರಿ ಬೇಸ್ ಗುಂಯ್‌ಗುಡುತ್ತದೆ.

ಇಷ್ಟಾದ ಮೇಲೂ ಚುಚ್ಚುತ್ತಿದ್ದರೆ ಲೆಕ್ಕಕ್ಕೆ ಕೂರಿ. ಸಾಮಾನ್ಯವಾಗಿ ಸಿಗುವ ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಜ್ ಒಳಗೆ ಬಹಳ ಸುತ್ತುಗಳ ಕಾಯಿಲ್ ಇರುತ್ತದೆ, ಅಂದರೆ ಇಂಡಕ್ಟೆನ್ಸ್ (ಕರೆಂಟಿನ ಏರಿಳಿತಕ್ಕೆ ಕಾಯಿಲ್ ಒಡ್ಡುವ ತಡೆ) ಜಾಸ್ತಿ. ಕೇಬಲ್‌ಗೆ, ಪ್ರಿಆಂಪ್ ಇನ್‌ಪುಟ್‌ಗೆ ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಟ್ಟುಕೊಳ್ಳುವ ಗುಣ) ಇರುತ್ತದೆ. ಈ ಎರಡೂ ಸೇರಿದರೆ ಒಂದು ನಿರ್ದಿಷ್ಟ ಫ್ರೀಕ್ವೆನ್ಸಿಯಲ್ಲಿ ಧ್ವನಿ ಉಬ್ಬುತ್ತದೆ, ಅದನ್ನು ದಾಟಿದ ಮೇಲೆ ಒಮ್ಮೆಲೇ ಇಳಿಯುತ್ತದೆ. ಪಂಚಮಿ ಜೋಕಾಲಿ ನೋಡಿದ್ದೀರಲ್ಲ, ಹಗ್ಗ ಉದ್ದವಾದಷ್ಟೂ ತೂಗುವುದು ನಿಧಾನ. ಇಲ್ಲೂ ಹಾಗೇ, ಕೆಪಾಸಿಟೆನ್ಸ್ ಹೆಚ್ಚಿದಷ್ಟೂ ಆ ಉಬ್ಬು ಕೆಳಗಿನ ಫ್ರೀಕ್ವೆನ್ಸಿಗೆ ಜಾರುತ್ತದೆ. 16 ಕಿಲೋಹರ್ಟ್ಸ್ ಹತ್ತಿರ ಇದ್ದರೆ ಹೆಚ್ಚಿನವರಿಗೆ ತೊಂದರೆ ಇಲ್ಲ. 10ಕ್ಕೆ ಇಳಿದರೆ 'ಸ'ಕಾರ ಚುಚ್ಚುತ್ತದೆ, ಅದರ ಮೇಲಿನದೆಲ್ಲ ಮಂಕಾಗುತ್ತದೆ. ನಿಮಗೆ ಎರಡು ತೊಂದರೆಯೂ ಒಟ್ಟಿಗೇ ಕೇಳಿಸುತ್ತಿರುವುದು ಇದಕ್ಕೇ.

ಕಾರ್ಟ್ರಿಜ್ ಜೊತೆ ಬಂದ ಕಾಗದದಲ್ಲಿ ಎರಡು ಸಂಖ್ಯೆ ಹುಡುಕಿ. ಒಂದು ಲೋಡ್ ರೆಸಿಸ್ಟೆನ್ಸ್ (ಲೋಡ್ ಅಂದರೆ ಕಾರ್ಟ್ರಿಜ್ ಹೊರಬೇಕಾದ ವಿದ್ಯುತ್ ಹೊರೆ), ಎಂಎಂಗೆ ಬಹುತೇಕ 47 ಕಿಲೋ ಓಮ್. ಹೆಚ್ಚುಕಡಿಮೆ ಎಲ್ಲ ಎಂಎಂ ಪ್ರಿಆಂಪ್‌ಗಳೂ ಅದನ್ನೇ ಕೊಡುತ್ತವೆ, ಸುಮ್ನೆ ಬಿಟ್ಟುಬಿಡಿ. ಇನ್ನೊಂದು ಲೋಡ್ ಕೆಪಾಸಿಟೆನ್ಸ್, ಕೆಲಸ ಇರುವುದು ಇಲ್ಲೇ. ಆಡಿಯೋ ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್‌ಗೆ 100ರಿಂದ 200 ಪಿಕೊಫ್ಯಾರಡ್ (ಕೆಪಾಸಿಟೆನ್ಸ್ ಅಳೆಯುವ ಮಾನ), ಆರ್ಟೋಫಾನ್ 2ಎಂ ರೆಡ್‌ಗೆ 150ರಿಂದ 300. ಇದು ಒಟ್ಟು ಮೊತ್ತ ಎನ್ನುವುದನ್ನು ಮರೆಯಬೇಡಿ: ಕಾರ್ಟ್ರಿಜ್ ಹಿಡಿದ ತೋಳಿನೊಳಗಿನ ವೈರ್, ಹೊರಗಿನ ಕೇಬಲ್, ಪ್ರಿಆಂಪ್ ಇನ್‌ಪುಟ್, ಮೂರೂ ಸೇರಿ.

ವಿಎಂ95ಇ ಇಟ್ಟುಕೊಂಡೇ ಲೆಕ್ಕ ಮಾಡೋಣ. ತೋಳಿನ ವೈರ್ 30 ಪಿಕೊಫ್ಯಾರಡ್. ಅಂಗಡಿಯಲ್ಲಿ ಸಿಕ್ಕ ಕೇಬಲ್ ಒಂದೂವರೆ ಮೀಟರ್, ಮೀಟರಿಗೆ 130ರಂತೆ 195. ಪ್ರಿಆಂಪ್ ಇನ್‌ಪುಟ್ 220. ಒಟ್ಟು 445! ಈ ಕಾರ್ಟ್ರಿಜ್‌ನ ಇಂಡಕ್ಟೆನ್ಸ್ 550 ಮಿಲಿಹೆನ್ರಿ, ಹಾಗಾಗಿ ಉಬ್ಬು 10 ಕಿಲೋಹರ್ಟ್ಸ್ ಆಸುಪಾಸಿಗೆ ಬಂದು ಕೂರುತ್ತದೆ. ಈಗ ಮುಕ್ಕಾಲು ಮೀಟರಿನ, ಮೀಟರಿಗೆ 65 ಇರುವ ಕೇಬಲ್ ಹಾಕಿ, ಪ್ರಿಆಂಪ್ ಅಡಿಯ ಸಣ್ಣ ಸ್ವಿಚ್ಚನ್ನು 100ಕ್ಕೆ ಇಳಿಸಿ. ಒಟ್ಟು 180 ಆಗುತ್ತದೆ, ಉಬ್ಬು 16ರ ಹತ್ತಿರಕ್ಕೆ ಏರುತ್ತದೆ. ಕಾರ್ಟ್ರಿಜ್ ಅದೇ, ರೆಕಾರ್ಡ್ ಅದೇ.

ಕೇಬಲ್ ಮೇಲೆ ಸಂಖ್ಯೆ ಬರೆದಿರುವುದಿಲ್ಲ, ಅಳೆಯಬೇಕು. 2 ನ್ಯಾನೊಫ್ಯಾರಡ್ (2000 ಪಿಕೊಫ್ಯಾರಡ್) ರೇಂಜ್ ಇರುವ ಮಲ್ಟಿಮೀಟರ್ ಸಾಕು. ಪ್ರಿಆಂಪ್ ಕಡೆಯ ಪ್ಲಗ್ ಬಿಚ್ಚಿ, ತೋಳಿನ ತುದಿಯ ಹೆಡ್‌ಶೆಲ್ಲನ್ನು ಕಾರ್ಟ್ರಿಜ್ ಸಮೇತ ತೆಗೆದಿಡಿ. ಕಾರ್ಟ್ರಿಜ್ ಇದ್ದಂತೆಯೇ ಅಳೆದರೆ ಲೆಕ್ಕ ತಪ್ಪುತ್ತದೆ, ಮೀಟರಿನ ಕರೆಂಟು ಕಾಯಿಲ್‌ಗೂ ಒಳ್ಳೆಯದಲ್ಲ. ಮೊದಲು ಮೀಟರಿನ ಕಡ್ಡಿಗಳು ಗಾಳಿಯಲ್ಲಿರುವಾಗ ಎಷ್ಟು ತೋರಿಸುತ್ತದೆ ನೋಡಿಕೊಳ್ಳಿ. ಆಮೇಲೆ ಪ್ಲಗ್‌ನ ನಡು ಪಿನ್‌ಗೆ ಒಂದು ಕಡ್ಡಿ, ಹೊರ ಅಂಚಿಗೆ ಇನ್ನೊಂದು ತಾಗಿಸಿ, ಬಂದ ಸಂಖ್ಯೆಯಿಂದ ಮೊದಲಿನದನ್ನು ಕಳೆಯಿರಿ. ತೋಳು ಸ್ಟ್ಯಾಂಡಿನ ಮೇಲಿದ್ದಾಗ ಕೆಲವು ಟರ್ನ್‌ಟೇಬಲ್‌ಗಳು ಔಟ್‌ಪುಟ್ಟನ್ನು ಶಾರ್ಟ್ ಮಾಡಿಡುತ್ತವೆ, ಮೀಟರ್ ಏನೇನೋ ತೋರಿಸಿದರೆ ತೋಳನ್ನು ಸ್ವಲ್ಪ ಒಳಕ್ಕೆ ಸರಿಸಿ ನೋಡಿ. ಎಡ, ಬಲ ಎರಡನ್ನೂ ಅಳೆಯಿರಿ. ತೋಳಿನ ವೈರ್ ಮತ್ತು ಕೇಬಲ್ ಎರಡೂ ಈ ಒಂದೇ ಅಳತೆಯಲ್ಲಿ ಬಂದುಬಿಡುತ್ತವೆ. ಪ್ರಿಆಂಪ್‌ನದ್ದು ಅದರ ಕೈಪಿಡಿಯಲ್ಲಿರುತ್ತದೆ.

ಪ್ರಿಆಂಪ್ ಸ್ವಿಚ್ ಇಳಿಸಿದ ಮೇಲೂ ಮೊತ್ತ ಜಾಸ್ತಿ ಬಂದರೆ ಕೇಬಲ್ ಗಿಡ್ಡ ಮಾಡುವುದು, ಇಲ್ಲವೇ ಬದಲಿಸುವುದು, ಬೇರೆ ದಾರಿ ಇಲ್ಲ. ಡಿಶ್ ಟಿವಿಯ ಆರ್‌ಜಿ6 ಕೇಬಲ್‌ನಲ್ಲಿ ಮೀಟರಿಗೆ 50–60 ಪಿಕೊಫ್ಯಾರಡ್ ಅಷ್ಟೇ ಇರುತ್ತದೆ, ಆದರೆ ಅದು ಗಡುಸು, ಹಗುರ ಟರ್ನ್‌ಟೇಬಲ್ಲನ್ನೇ ಎಳೆಯುತ್ತದೆ. ಬೇಡ ಅನ್ನುತ್ತೇನೆ.

ಕಡಿಮೆ ಬಂದರೆ ಸುಲಭ. ಹಳೆಯ ಶ್ಯೂರ್ ಕಾರ್ಟ್ರಿಜ್ ಇರುವವರಿಗೆ ಹೀಗಾಗುವುದುಂಟು, ಅವುಗಳಲ್ಲಿ ಕೆಲವು 400ರಿಂದ 500 ಬೇಡುತ್ತವೆ. ಪ್ರತಿ ಚಾನೆಲ್‌ಗೆ ಒಂದರಂತೆ ಸಣ್ಣ ಕೆಪಾಸಿಟರ್ ಅನ್ನು ಇನ್‌ಪುಟ್‌ಗೆ ಅಡ್ಡಲಾಗಿ, ಅಂದರೆ ನಡು ಪಿನ್‌ಗೂ ಹೊರ ಅಂಚಿಗೂ ನಡುವೆ, ಸೇರಿಸಿದರೆ ಆಯಿತು. ಒಂದು ಸಾಕೆಟ್ಟನ್ನು ಎರಡಾಗಿಸುವ ಆರ್‌ಸಿಎ ವೈ ಜೋಡಣೆ ಬಳಸಿದರೆ ಪ್ರಿಆಂಪ್ ಬಿಚ್ಚುವ ಕೆಲಸವೂ ಇಲ್ಲ. ಪಾಲಿಸ್ಟೈರಿನ್ ಅಥವಾ ಎನ್‌ಪಿಓ ಸೆರಾಮಿಕ್ ಅಂತಲೇ ಕೇಳಿ. ಬೆಳಗಾವಿಯ ಖಡೇಬಜಾರದ ಕಡೆ ಅಂಗಡಿಯವರು 'ಸಣ್ಣ ಕೆಪಾಸಿಟರ್ ಅಂದ್ರ ಇದ ನೋಡ್ರಿ ಸರ್' ಅಂತ 104 ಕೈಗಿಟ್ಟಾರು. ಕೊನೆಯ ಅಂಕಿ ಎಷ್ಟು ಸೊನ್ನೆ ಎಂದು ಹೇಳುತ್ತದೆ. 101 ಎಂದರೆ 100 ಪಿಕೊಫ್ಯಾರಡ್, 221 ಎಂದರೆ 220, 104 ಎಂದರೆ ಒಂದು ಲಕ್ಷ. ಅದನ್ನು ಹಾಕಿದರೆ ಟ್ರೆಬಲ್ ಪೂರಾ ಹೋಗಿ ಗೊಗ್ಗರು ದನಿಯಷ್ಟೇ ಉಳಿಯುತ್ತದೆ.

ಎಂಸಿ (ಮೂವಿಂಗ್ ಕಾಯಿಲ್) ಕಾರ್ಟ್ರಿಜ್ ಇದ್ದವರಿಗೆ ಈ ಪಿಕೊಫ್ಯಾರಡ್ ತಲೆನೋವು ಹೆಚ್ಚೇನೂ ಇಲ್ಲ, ಅವುಗಳ ಇಂಡಕ್ಟೆನ್ಸ್ ಬಹಳ ಕಡಿಮೆ. ಅಲ್ಲಿ ನೋಡಬೇಕಾದ್ದು ರೆಸಿಸ್ಟೆನ್ಸ್. ಡೆನಾನ್ ಡಿಎಲ್-103ರ ಕಾಯಿಲ್ 40 ಓಮ್, 100 ಓಮ್ ಲೋಡಿನಿಂದ ಶುರು ಮಾಡಿ ಕಿವಿಗೆ ಹಿತವೆನಿಸುವವರೆಗೆ ಏರಿಸಿ. ಔಟ್‌ಪುಟ್ ಬರೀ 0.3 ಮಿಲಿವೋಲ್ಟ್, ಎಂಎಂ ಇನ್‌ಪುಟ್‌ಗೆ ಕೊಟ್ಟರೆ ಹಾಡಿಗಿಂತ ಸುಸ್ಸೆನ್ನುವ ಸದ್ದೇ ಜೋರು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರ 78 ಆರ್‌ಪಿಎಂ ರೆಕಾರ್ಡ್ ಇಟ್ಟುಕೊಂಡವರದು ಬೇರೆಯೇ ಕತೆ, ಅದಕ್ಕೆ ದಪ್ಪ ತುದಿಯ ಸೂಜಿ ಬೇಕು.

ಬದಲಾವಣೆ ಮಾಡಿದ ಮೇಲೆ ಎಲ್‌ಪಿಯ ಹೊರ ಅಂಚಿನ ಹಾಡು ಕೇಳಿ ಪರೀಕ್ಷೆ ಮಾಡಿ. ಒಳಗಿನ ಹಾಡುಗಳಲ್ಲಿ ಲೋಡ್ ಸರಿಯಿದ್ದರೂ 'ಸ'ಕಾರ ಒಡೆಯಬಹುದು. ಸ್ವಿಚ್ ತಿರುಗಿಸುವಾಗ, ಪ್ಲಗ್ ಕೀಳುವಾಗ ಆಂಪ್ ಆರಿಸಿಡಿ, ಇಲ್ಲದಿದ್ದರೆ ಆ 'ಢಬ್' ಸದ್ದಿಗೆ ಸ್ಪೀಕರ್ ಹೋದೀತು.